ಅಂಗಡಿಯ ಎದುರು ಹಾಕಿದ ಕುರ್ಚಿಗಳು

ಡಾಕ್ಟರರ ಜೀಪು ಜಮಖಂಡಿ ದಾಟುವ ಮೊದಲೇ ಪಂಕ್ಚರ್ ಆಗಬಹುದಿತ್ತು. ಗುಳಿಗೆಯ ಡಬ್ಬಿ ಬಾಗಲಕೋಟೆಯಲ್ಲೇ ಉಳಿದು ಬರೀ ಕಾಗದಪತ್ರ ಬರಬಹುದಿತ್ತು. ಕರೆಂಟು ಹೋಗಿ ಮೈಕು ಸಾಯಬಹುದಿತ್ತು; ಕರೆಂಟು ಇದ್ದರೆ ಮಗ್ಗಗಳ ಸದ್ದಿನಲ್ಲಿ ಮೈಕು ಇದ್ದೂ ಇಲ್ಲದಂತಾಗಬಹುದಿತ್ತು. ಒಬ್ಬರೂ ಬರದೇ ಇರಬಹುದಿತ್ತು. ಎಲ್ಲರೂ ಬಂದು ಕುರ್ಚಿ ಸಾಲದಿರಬಹುದಿತ್ತು. ನನ್ನ ಬಿ.ಪಿ. ಏರಿ ಮೊದಲ ರೋಗಿ ನಾನೇ ಆಗಬಹುದಿತ್ತು. ನನ್ನ ಉದ್ಯೋಗ ಹೈಸ್ಕೂಲು ಮಾಸ್ತರಿಕೆ, ಹವ್ಯಾಸ ಕಾಳಜಿ.

ಹದಿನೈದು ದಿನಕ್ಕೊಮ್ಮೆ ಕುಡಿತ ಬಿಡಿಸುವ ಡಾಕ್ಟರರು ರಬಕವಿಗೇ ಬರುವ ವ್ಯವಸ್ಥೆಯ ಮೊದಲ ದಿನ ಅದು. ಅದಕ್ಕೂ ಮುಂಚೆ ಬಾಗಲಕೋಟೆಗೇ ಹೋಗಬೇಕಿತ್ತು. ತಮ್ಮನನ್ನು ಮೂರು ಸಲ ಬಸ್ಸು ಹತ್ತಿಸಿದ್ದೆ. ಮೊದಲ ಸಲ ಜಮಖಂಡಿಯಲ್ಲಿ ‘ನೀರು ಕುಡದ ಬರ್ತೇನಿ’ ಎಂದು ಇಳಿದವನು ಸಂಜೆವರೆಗೆ ಸಿಗಲಿಲ್ಲ. ಎರಡನೆಯ ಸಲ ಬೀಳಗಿ. ಮೂರನೆಯ ಸಲ ಅನಗವಾಡಿ ಮುಟ್ಟಿದೆವು, ಸುಧಾರಣೆ ಎಂದುಕೊಂಡೆ. ನಾಲ್ಕನೆಯ ಸಲ ಅವನು ಬಸ್ಸೇ ಹತ್ತಲಿಲ್ಲ. ಆಮೇಲೆ ಡಾಕ್ಟರರೇ ಇಲ್ಲಿಗೆ ಬರಲೆಂದು ಎರಡು ವರ್ಷ ಅರ್ಜಿ ಬರೆದೆ.

ಜನ ಅದನ್ನು ಸಮಾಜಸೇವೆ ಎಂದರು. ಖರೆ ಹೇಳಬೇಕೆಂದರೆ ಅದು ಸೇಡು.

ನಮ್ಮ ಓಣಿಯಲ್ಲಿ ಒಂದು ಬೀಡಿ ಅಂಗಡಿ. ಎದುರಿಗೆ ಬೀಡಿ, ಕೆಳಗೆ ಬಾಟಲಿ, ಬೆಳಗಿನ ಆರರಿಂದಲೇ. ತಮ್ಮನ ಕೈ ಎಷ್ಟು ನಡುಗುತ್ತಿತ್ತೆಂದರೆ, ಮಗ್ಗದಲ್ಲಿ ಎಳೆ ಕಡಿದರೆ ಗಂಟು ಹಾಕಲು ಹೆಂಡತಿಯನ್ನು ಕೂಗುತ್ತಿದ್ದ. ನೇಕಾರರ ಓಣಿಯಲ್ಲಿ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ‘ಅವನಿಗೆ ಕೊಡಬ್ಯಾಡಪಾ’ ಎಂದು ಕೇಳಲು ಹೋದೆ. ಅಂಗಡಿಯವನು ನಾಲ್ಕು ಮಂದಿಯ ಮುಂದೆ, “ಮಾಸ್ತರ್ರ, ಮನ್ಯಾಗ ಅಂವ ನಿಮ್ಮ ತಮ್ಮ, ಇಲ್ಲಿ ನಮ್ಮ ಗಿರಾಕಿ. ನಿಮಗೂ ಒಂದ್ ಕೊಡ್ಲೇನ್ರಿ? ಕಾಳಜಿ ಕಮ್ಮಿ ಆಗ್ತೈತಿ” ಎಂದ. ನಾಲ್ವರೂ ನಕ್ಕರು. ನಾನೂ ನಕ್ಕೆ. ಆ ನಗುವನ್ನು ಇವತ್ತಿಗೂ ಕ್ಷಮಿಸಿಲ್ಲ, ಅವನದನ್ನೂ ನನ್ನದನ್ನೂ.

ಚಿಕಿತ್ಸೆಗೆ ಊರಿನ ಆಸ್ಪತ್ರೆಯಲ್ಲೇ ಒಂದು ಖೋಲಿ ಕೊಡುತ್ತೇವೆ ಎಂದಿದ್ದರು. ನಾನು ಹಟ ಹಿಡಿದು ಅವನ ಅಂಗಡಿಯ ಎದುರಿನ ಸಮುದಾಯ ಭವನವನ್ನೇ ಗೊತ್ತುಮಾಡಿದೆ. ಅವನ ಕಣ್ಣಿನ ನೇರಕ್ಕೆ ಬೋರ್ಡು ಕಟ್ಟಿಸಿದೆ. ಮೈಕಿನ ಬಾಯಿ ಅವನ ಕಡೆಗೆ ತಿರುಗಿಸಿದೆ. ಕಟ್ಟೆಯ ಮೇಲೆ ಕುರ್ಚಿಗಳನ್ನು ಅವನಿಗೆ ಮುಖಮಾಡಿ ಸಾಲಾಗಿ ಹಾಕಿದೆ. ಒಬ್ಬೊಬ್ಬ ಗಿರಾಕಿ ಕೈತಪ್ಪುವುದನ್ನು ಅವನು ಕೂತಲ್ಲೇ ನೋಡಬೇಕು.

ತಮ್ಮನ ಹೆಂಡತಿ ಮಾತ್ರ ಕೇಳಿದಳು: “ಭಾವಾರ, ಇವ್ರು ಆ ಅಂಗಡಿ ಮುಂದನ ಹಾದು ಬರಬೇಕಲ್ರಿ? ದಾಟ್ತಾರಂತೀರೇನು?”

ಅಷ್ಟೆಲ್ಲ ಕಾಳಜಿಯಲ್ಲಿ ಇದೊಂದು ನನಗೆ ಹೊಳೆದೇ ಇರಲಿಲ್ಲ. ಆದರೂ “ದಾಟ್ತಾನ ಬಿಡವಾ” ಎಂದೆ. ತಮ್ಮನ ಜೀವವನ್ನು ಪಣಕ್ಕಿಟ್ಟು ಕುರ್ಚಿ ಸರಿಪಡಿಸುತ್ತ ನಿಂತೆ. ಸೇಡು ಎಂದರೆ ಹೀಗೇ, ಕಾಳಜಿಯನ್ನೂ ತಿಂದುಹಾಕುತ್ತದೆ.

ಆ ದಿನ ಜೀಪು ಐದು ನಿಮಿಷ ಮೊದಲೇ ಬಂತು. ಗುಳಿಗೆ ಬಂದವು. ಜನರೂ ಬಂದರು. ಅಂಗಡಿಯ ಶಟರ್ ಮಾತ್ರ ಇಳಿದಿತ್ತು. ಹೆದರಿ ಒಳಗೆ ಅಡಗಿದ್ದಾನೆ ಎಂದು ನನಗೆ ಹಬ್ಬ. ಹನ್ನೊಂದರ ಸುಮಾರಿಗೆ ತಮ್ಮ ಬಂದು ಮೊದಲ ಕುರ್ಚಿಯಲ್ಲಿ ಕೂತ, ಬೆವತು, ನಡುಗುತ್ತ. ಡಾಕ್ಟರರು ಅವನ ಎರಡೂ ಕೈ ಚಾಚಿಸಿ ನೋಡಿದರು, ಬಹಳ ಹೊತ್ತು ಮಾತಾಡಿದರು. ಹೆಂಡತಿಯ ಮುಂದೆಯೇ ಮೊದಲ ಗುಳಿಗೆ ನುಂಗಿದ.

ನಾನು ಮೈಕು ಹಿಡಿದೆ. ಎರಡು ವರ್ಷ ಬಾಯಿಪಾಠ ಮಾಡಿದ ಮಾತು! ಮಂದಿಯ ಮನೆ ಮುರಿದು ಮನೆ ಕಟ್ಟಿದವನೇ, ಹೊರಗೆ ಬಾ, ನಿನ್ನ ಗಿರಾಕಿಗಳನ್ನು ಎಣಿಸು ಎಂದು ಶಟರಿಗೆ ಮುಖಮಾಡಿ ಕೂಗಿದೆ. ನನ್ನ ತಮ್ಮ ನಿನ್ನ ಮುಂದೆಯೇ ದಾಟಿ ಬಂದಾನ, ನೋಡು!

ತಮ್ಮ ಬಂದು ನನ್ನ ಅಂಗಿ ಜಗ್ಗಿದ.

“ಅಣ್ಣಾ, ಯಾರಿಗಿ ಬೈಯಾಕತ್ತೀ? ಶಟರಿನ ಕೀಲಿಗೇನು?”

“ಒಳಗ ಅದಾನಲ್ಲೋ ಅಂವ.”

“ಎಲ್ಲಿ ಒಳಗ? ನಿನ್ನೆನ ಹೆಂಡ್ತಿ ಮಕ್ಕಳನ್ನ ಕಟ್ಕೊಂಡು ಮುಧೋಳಕ್ಕ ಹೋಗ್ಯಾನ, ಅಕ್ಕನ ಮಗಳ ಕುಬಸದ ಕಾರ್ಯಕ್ಕ. ತೆರದಿದ್ರ ನಾ ಇಲ್ಲಿಗೆ ಎಲ್ಲಿ ಬರ್ತಿದ್ದೆ? ಬಸ್ ಸ್ಟ್ಯಾಂಡಿನ ಬಾರ್ ಮಟ ನಡ್ಯಾಕ ಕಾಲು ಬರಲಿಲ್ಲ. ಕುರ್ಚಿ ಕಂಡ್ವು, ಕುಂತೆ.”