ಎಲ್ಲದಕ್ಕೂ ಆಗುವ ತೋಟೆ

ನಾನು ಚಿಕ್ಕವನಿದ್ದಾಗ, 1973ರಲ್ಲಿ, ಏಳನೆಯ ತರಗತಿ ಮುಗಿಯುವ ಮೊದಲೇ ಶಾಲೆ ಬಿಟ್ಟೆ. ಅಬುಧಾಬಿಯಲ್ಲಿ ಅಂಗಡಿ ನೋಡಿಕೊಳ್ಳುತ್ತಿದ್ದ ಅಪ್ಪ ರಜೆಯಲ್ಲಿ ಊರಿಗೆ ಬಂದವರು, ವಾಪಸು ಹೊರಟಾಗ ನನ್ನನ್ನೂ ಜೊತೆಗೆ ಕರೆದುಕೊಂಡರು. ಉಡುಪಿಯಿಂದ ಬೊಂಬಾಯಿಗೆ ಬಸ್ಸು, ಅಲ್ಲಿಂದ ಹಡಗು. ಹಡಗಿನಲ್ಲಿ ವಾಂತಿ ಮಾಡಿ ಮಾಡಿ ಸುಸ್ತಾದರೂ ಒಳಗೊಳಗೇ ಹೆಮ್ಮೆ. ಜೊತೆಯ ಹುಡುಗರು ಇನ್ನೂ ಮಗ್ಗಿ ಬಾಯಿಪಾಠ ಮಾಡುತ್ತಿದ್ದಾರೆ, ನಾನು ದುಡಿಯಲು ಹೊರಟಿದ್ದೇನೆ! ದುಡಿದೆ ಕೂಡ. ಆ ವಿಷಯದಲ್ಲಿ ಇವತ್ತಿಗೂ ನಾನು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ. ಆದರೆ ಮಕ್ಕಳೇ, ತಲೆ ತಗ್ಗಿಸಿದ ಒಂದು ದಿನವೂ ಇದೆ. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ನಮ್ಮ ಅಂಗಡಿ ಇಲ್ಲೇ ಅಬುಧಾಬಿಯಲ್ಲಿ, ಈಗ ನೀವು ಎಲೆಕ್ಟ್ರಾ ಸ್ಟ್ರೀಟ್ ಎನ್ನುವ ಕಡೆ ಇತ್ತು. ಯಜಮಾನರು ಇಲ್ಲಿಯ ಅರಬರು. ಆಗೊಮ್ಮೆ ಈಗೊಮ್ಮೆ ಬಂದು ಕೂತು, ಏಲಕ್ಕಿ ಹಾಕಿದ ಕಹಿ ಕಾಫಿ ಕುಡಿದು ಹೋಗುತ್ತಿದ್ದರು. ಉಳಿದದ್ದೆಲ್ಲ ಅಪ್ಪನದೇ. ಡೇರೆ, ಹಗ್ಗ, ಲಾಟೀನು, ನೀರಿನ ಚೀಲ, ಹೀಗೆ ಮರಳುಗಾಡಿಗೆ ಹೋಗುವವರಿಗೆ ಬೇಕಾದದ್ದೆಲ್ಲ ಅಲ್ಲಿತ್ತು. ಒಳಗೆ ಕಾಲಿಟ್ಟರೆ ಸೀಮೆಎಣ್ಣೆ, ಸೆಣಬು, ಬಂದೂಕಿಗೆ ಹಚ್ಚುವ ಎಣ್ಣೆ ಎಲ್ಲ ಬೆರೆತ ವಾಸನೆ. ಹಿಂದಿನ ಗೋಡೆಯ ಬೀಗ ಹಾಕಿದ ಕಪಾಟಿನಲ್ಲಿ ತೋಟೆಗಳಿದ್ದವು. ತೋಟೆ ಅಂದರೆ ಬಂದೂಕಿಗೆ ಹಾಕುವುದು: ಹಿತ್ತಾಳೆಯ ಕೊಳವೆ, ಒಳಗೆ ಮದ್ದು, ತುದಿಯಲ್ಲಿ ಗುಂಡು. ಅವುಗಳನ್ನು ಒರೆಸಿ ಸಾಲಾಗಿ ಜೋಡಿಸುವುದು ನನ್ನ ಕೆಲಸ. ಬಂಗಾರದ ಒಡವೆ ಒರೆಸುವಷ್ಟು ಜಾಗ್ರತೆಯಿಂದ ಒರೆಸುತ್ತಿದ್ದೆ.

ಅಪ್ಪನಿಗೆ ಮಾತೇ ಬಂಡವಾಳ. ಬಂದ ಗಿರಾಕಿ ಬರಿಗೈಯಲ್ಲಿ ಹೋದದ್ದಿಲ್ಲ. ಆ ಕಾಲದಲ್ಲಿ ಇಲ್ಲಿ ಹೆಚ್ಚಿನವರ ಕೈಯಲ್ಲಿದ್ದದ್ದು ತ್ರೀ ನಾಟ್ ತ್ರೀ ಎಂಬ ಉದ್ದನೆಯ ಬಂದೂಕು. ಅದಕ್ಕೆ ಎರಡು ಬಗೆಯ ತೋಟೆ ಬರುತ್ತಿತ್ತು. ಒಂದರ ಗುಂಡಿನ ಮೂತಿಯಲ್ಲಿ ಮೆತ್ತನೆಯ ಸೀಸ ಕಾಣುತ್ತಿತ್ತು. ಇನ್ನೊಂದರ ಗುಂಡಿಗೆ ಮೂತಿಯವರೆಗೂ ಗಟ್ಟಿ ಲೋಹದ ಹೊದಿಕೆ. ಎರಡೂ ಒಂದೇ ಬಂದೂಕಿಗೆ ಸರಿಯಾಗಿ ಕೂರುತ್ತಿದ್ದವು. ಅಪ್ಪನ ಲೆಕ್ಕದಲ್ಲಿ ಕೂತರೆ ಆಯಿತು, ಬೋಲ್ಟಿಗೆ ನಟ್ಟು ಕೂತ ಹಾಗೆ.

ಚಳಿಗಾಲದ ಒಂದು ಸಂಜೆ ಮರಳುಗಾಡಿನ ಕಡೆಯ ಒಬ್ಬ ಅಜ್ಜ ಅಂಗಡಿಗೆ ಬಂದರು. ಬಿಳಿ ಗಡ್ಡ, ಒಣಗಿದ ಖರ್ಜೂರದಂಥ ಮುಖ. ಅಪ್ಪ ಅವರನ್ನು ಹಾಜಿ ಎನ್ನುತ್ತಿದ್ದರು, ಅವರು ಅಪ್ಪನನ್ನು ರಫೀಕ್, ಅಂದರೆ ಗೆಳೆಯ, ಎನ್ನುತ್ತಿದ್ದರು. ಇಬ್ಬರ ಮಾತೂ ಅರ್ಧ ಅರಬ್ಬಿ, ಅರ್ಧ ಹಿಂದಿ. ನನಗೆ ಅರ್ಥವಾದಂತೆ ಬರೆಯುತ್ತೇನೆ. ಅಜ್ಜನಿಗೆ ಶುಕ್ರವಾರ ಖಾಲಿ ಡಬ್ಬ ಇಟ್ಟು ಗುರಿ ಹೊಡೆಯುವ ಆಟವೂ ಇತ್ತು, ಜಿಂಕೆ ಬೇಟೆಯೂ ಇತ್ತು. ಎರಡಕ್ಕೂ ಆಗುವಂಥ ಒಂದೇ ತೋಟೆ ಕೇಳಿದರು. ಅಪ್ಪ ಗಟ್ಟಿ ಹೊದಿಕೆಯದರ ಒಂದು ಪೆಟ್ಟಿಗೆ ತೆಗೆದು ಮೇಜಿನ ಮೇಲೆ ಟಕ್ಕನೆ ಇಟ್ಟರು. ಅಂಗಡಿಯಲ್ಲಿ ಅದೇ ಹೆಚ್ಚು ಉಳಿದಿತ್ತು.

ಅಜ್ಜ ಒಂದನ್ನು ಬೆರಳಲ್ಲಿ ತಿರುಗಿಸಿ ನೋಡಿದರು. “ಇದರ ಮೂತಿ ಗಟ್ಟಿ ಉಂಟಲ್ಲ, ರಫೀಕ್?”

“ಹಾಜಿ, ಇದು ಎಲ್ಲದಕ್ಕೂ ಆಗ್ತದೆ. ಡಬ್ಬಕ್ಕೂ ಆಗ್ತದೆ, ಜಿಂಕೆಗೂ ಆಗ್ತದೆ. ನನ್ನ ಮಾತು.”

“ನಿನ್ನ ಮಾತಾ? ಹಾಗಾದ್ರೆ ಖಲಾಸ್,” ಎಂದು ಅಜ್ಜ ಪೆಟ್ಟಿಗೆಯನ್ನು ಹೆಗಲ ಚೀಲಕ್ಕೆ ಹಾಕಿಕೊಂಡರು. ಅಷ್ಟಕ್ಕೇ ಮುಗಿಯಲಿಲ್ಲ. “ಶುಕ್ರವಾರ ನೀನೂ ಬಾ. ಈ ಕಡ್ಡಿಯನ್ನೂ ಕರಕೊಂಡು ಬಾ, ಮಾಂಸ ತಿಂದು ಸ್ವಲ್ಪ ದಪ್ಪ ಆಗ್ಲಿ,” ಎಂದು ನನ್ನ ಕಿವಿ ಹಿಂಡಿದರು.

ಶುಕ್ರವಾರ ನಸುಕಿನಲ್ಲೇ ಅಜ್ಜನ ಜೀಪು ಬಂತು. ಈಗ ಮರಳುಗಾಡಿನ ನಡುವೆ ಮದೀನತ್ ಜಾಯೆದ್ ಊರು ಇದೆಯಲ್ಲ, ಆ ದಿಕ್ಕಿಗೆ ಹೋದೆವು. ಬೆಳಗಿನ ಮರಳು ಎಷ್ಟು ತಣ್ಣಗಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಚಪ್ಪಲಿ ಬಿಟ್ಟು ಓಡಾಡಿದೆ. ಅಪ್ಪ ಹೊಸ ಶರ್ಟು ಹಾಕಿ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದರು. ಅರಬರ ಡೇರೆಗೆ ಅತಿಥಿಯಾಗಿ ಹೋಗುವುದೆಂದರೆ ಅವರಿಗೆ ಸಣ್ಣ ವಿಷಯವಲ್ಲ.

ಮೊದಲು ಗುರಿಯ ಆಟ. ಅಜ್ಜ ಹಾಲಿನ ಪುಡಿಯ ಖಾಲಿ ಡಬ್ಬವನ್ನು ದೂರದ ದಿಬ್ಬದ ಮೇಲೆ ಇಟ್ಟು ಬಂದು, ಮರಳಿನ ಮೇಲೆ ಮಲಗಿ ಹೊಡೆದರು. ಕಿವಿ ಗುಂಯ್ ಎಂದಿತು. ಡಬ್ಬ ಹಾರಿ ಬಿತ್ತು. ನಾನು ಓಡಿಹೋಗಿ ತಂದೆ. ಒಂದು ಬದಿಯಲ್ಲಿ ಗುಂಡು ಹೊಕ್ಕ ತೂತು, ಇನ್ನೊಂದು ಬದಿಯಲ್ಲಿ ಹೊರಬಿದ್ದ ತೂತು. ಎರಡೂ ನನ್ನ ಕಿರುಬೆರಳಷ್ಟೇ ಸಣ್ಣವು.

“ನೋಡಿದಿಯಾ ಮಗಾ? ಎಂಥ ಚೊಕ್ಕ!” ಎಂದು ಅಪ್ಪ ನನ್ನ ಬೆನ್ನು ತಟ್ಟಿದರು, ತಾವೇ ಹೊಡೆದವರ ಹಾಗೆ. ಅಜ್ಜ ಮಾತ್ರ ಹೊರಬಿದ್ದ ತೂತಿನ ಅಂಚನ್ನು ಬೆರಳಿಂದ ಸವರಿ, ಅಪ್ಪನ ಮುಖ ನೋಡಿದರು. ಏನೋ ಕೇಳಬೇಕೆಂದಿದ್ದರು, ಕೇಳಲಿಲ್ಲ. ಕೊಟ್ಟ ಮಾತನ್ನು ಮತ್ತೆ ಕೆದಕಿದರೆ ಅತಿಥಿಗೆ ಅವಮಾನ ಎಂದು ಸುಮ್ಮನಾದರು ಅಂತ ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ.

ಬಿಸಿಲೇರಿದ ಮೇಲೆ ಜಿಂಕೆ ಕಂಡಿತು. ಮರಳಿನದೇ ಬಣ್ಣ, ಕಿವಿ ಅಲ್ಲಾಡಿಸದೆ ಇದ್ದಿದ್ದರೆ ನನಗೆ ಕಾಣುತ್ತಲೇ ಇರಲಿಲ್ಲ. ಅಜ್ಜ ದೇವರ ಹೆಸರು ಹೇಳಿ ಹೊಡೆದರು. ಜಿಂಕೆ ಒಮ್ಮೆ ಬಾಗಿತು. ನಾನು ಚಪ್ಪಾಳೆ ತಟ್ಟಿಬಿಟ್ಟೆ. ತಟ್ಟಿದ ಕೈ ಹಾಗೇ ನಿಂತಿತು, ಯಾಕೆಂದರೆ ಜಿಂಕೆ ಬೀಳಲಿಲ್ಲ. ನೆಟ್ಟಗಾಗಿ ದಿಬ್ಬ ದಾಟಿ ಓಡಿತು.

“ತಾಗಲಿಲ್ವಾ?” ಎಂದರು ಅಪ್ಪ.

“ತಾಗಿದೆ,” ಎಂದರು ಅಜ್ಜ. “ಯಲ್ಲಾ, ನಡೀರಿ.”

ನಡೆದೆವು. ಮರಳಿನ ಮೇಲೆ ಇಲ್ಲೊಂದು ಹನಿ, ಅಲ್ಲೊಂದು ಹನಿ ರಕ್ತ. ಜಿಂಕೆ ಅಲ್ಲಲ್ಲಿ ಮಲಗಿ ಮತ್ತೆ ಎದ್ದು ಹೋದ ಗುರುತು. ಬೆಳಗ್ಗೆ ತಣ್ಣಗಿದ್ದ ಮರಳು ಈಗ ಒಲೆಯ ಬೂದಿಯ ಹಾಗೆ ಸುಡುತ್ತಿತ್ತು. ಅಪ್ಪನ ಹೊಸ ಶರ್ಟು ಬೆನ್ನಿಗೆ ಅಂಟಿತ್ತು. ಮಲಗಿದ ಗುರುತು ಕಂಡಲ್ಲೆಲ್ಲ ಅವರು ಒಂದು ಗಳಿಗೆ ನಿಂತು ಮುಂದೆ ಹೋಗುತ್ತಿದ್ದರು.

ಹೊತ್ತು ಇಳಿಯುವಾಗ ಒಂದು ಗಾಫ್ ಮರದ ನೆರಳಿನಲ್ಲಿ ಸಿಕ್ಕಿತು. ಜೀವ ಇನ್ನೂ ಇತ್ತು. ನಮ್ಮನ್ನು ನೋಡಿತು, ಏಳಲು ಆಗಲಿಲ್ಲ. ಅಜ್ಜ ಅದರ ಕಣ್ಣಿನ ಮೇಲೆ ಒಂದು ಕೈಯಿಟ್ಟು, ಇನ್ನೊಂದು ಕೈಯಿಂದ ಚೂರಿ ಹಾಕಿ ಬೇಗ ಮುಗಿಸಿದರು. ಆಮೇಲೆ ಅದರ ಮೈಯನ್ನು ಮೆಲ್ಲಗೆ ಹೊರಳಿಸಿದರು. ಈ ಬದಿಯಲ್ಲಿ ಒಂದು ಸಣ್ಣ ತೂತು, ಆ ಬದಿಯಲ್ಲಿ ಒಂದು ಸಣ್ಣ ತೂತು. ಡಬ್ಬದಲ್ಲಿದ್ದ ಹಾಗೇ.

ನಿಮಗೆ ಅರ್ಥವಾಗಲಿ ಎಂದು ಹೇಳುತ್ತೇನೆ. ಮೆತ್ತನೆ ಮೂತಿಯ ಗುಂಡು ಒಳಗೆ ಹೋಗುತ್ತಲೇ ಅಗಲವಾಗುತ್ತದೆ. ಸರಿಯಾದ ಜಾಗಕ್ಕೆ ತಾಗಿದರೆ ಪ್ರಾಣಿ ಅಲ್ಲೇ ಬೀಳುತ್ತದೆ, ನರಳುವುದಿಲ್ಲ. ಗಟ್ಟಿ ಹೊದಿಕೆಯದು ದಬ್ಬಳದ ಹಾಗೆ ತೂರಿಕೊಂಡು ಹೊರಗೆ ಹೋಗುತ್ತದೆ. ಡಬ್ಬಕ್ಕೆ ಅದು ಸಾಕು. ಜಿಂಕೆಗೆ ಮಧ್ಯಾಹ್ನವಿಡೀ ಸಾಯುವ ಶಿಕ್ಷೆ.

ಡೇರೆಯ ಮುಂದೆ ಬೆಂಕಿ ಹಾಕಿ ಮಾಂಸ ಬೇಯಿಸಿದರು. ದೊಡ್ಡ ತಟ್ಟೆಯಲ್ಲಿ ಅನ್ನ, ಮೇಲೆ ಮಾಂಸ. ಮೊದಲ ತುಂಡು ಅತಿಥಿಗೆ ಎನ್ನುವುದು ಅವರ ಪದ್ಧತಿ. ಅಜ್ಜ ಒಳ್ಳೆಯ ತುಂಡೊಂದನ್ನು ಬಿಡಿಸಿ ಅಪ್ಪನ ಮುಂದಿಟ್ಟರು. ಅಪ್ಪ ಮುಟ್ಟಲಿಲ್ಲ. ತಲೆ ಬಗ್ಗಿಸಿ ಕೂತರು. ಯಾರ ಮುಂದೆಯೂ ಬಗ್ಗದ ಆ ತಲೆಯನ್ನು ನಾನು ಹಾಗೆ ಕಂಡದ್ದು ಅದೇ ಮೊದಲು. ಎಲ್ಲಿ ನೋಡಬೇಕೆಂದು ತಿಳಿಯದೆ ಬೆಂಕಿ ನೋಡುತ್ತಾ ಕೂತೆ. ನನ್ನ ಅಂಗೈ ಇನ್ನೂ ಚಪ್ಪಾಳೆ ತಟ್ಟಿದ ಹಾಗೇ ಉರಿಯುತ್ತಿತ್ತು.

“ಹಾಜಿ,” ಎಂದರು ಅಪ್ಪ ಕೊನೆಗೆ. “ನಾನು ಬಂದೂಕು ಹೊಡೆದವನೇ ಅಲ್ಲ. ಒಂದು ಸಲವೂ ಇಲ್ಲ.”

ಅಜ್ಜ ಅಪ್ಪನನ್ನೇ ನೋಡಿದರು. ಆಮೇಲೆ ಗಡ್ಡ ಅಲ್ಲಾಡುವಷ್ಟು ನಕ್ಕರು. “ಅಂಗಡಿಯಲ್ಲಿ ನಿನ್ನ ಮಾತು ಕೇಳಿ, ಇವನು ಊರಲ್ಲಿ ಹುಲಿ ಹೊಡೆದು ಬಂದವನು ಅಂತ ಎಣಿಸಿದ್ದೆನಲ್ಲ, ರಫೀಕ್!” ನಗು ಬೇಗ ನಿಂತಿತು. “ಗೊತ್ತಿಲ್ಲ ಅಂದಿದ್ರೆ ಆಗ್ತಿತ್ತು. ನಾನು ಬೇರೆ ಅಂಗಡಿಯಲ್ಲಿ ಕೇಳ್ತಿದ್ದೆ.” ತುಂಡನ್ನು ಇನ್ನೂ ಹತ್ತಿರಕ್ಕೆ ಸರಿಸಿದರು. “ತಿನ್ನು. ತಣ್ಣಗಾದ್ರೆ ನಾರು ನಾರಾಗ್ತದೆ.”

ಅಪ್ಪ ತಿಂದರು, ಕಷಾಯ ಕುಡಿಯುವವರ ಹಾಗೆ. ನಾನೂ ತಿಂದೆ. ರುಚಿಯಾಗಿತ್ತು, ಹಸಿದಿದ್ದೆ, ಅದೇ ಇನ್ನೂ ಹೆಚ್ಚಿನ ನಾಚಿಕೆ.

ಬರುವಾಗ ಅಪ್ಪ ಆ ಡಬ್ಬವನ್ನು ಎತ್ತಿಕೊಂಡರು. ಮರುದಿನ ಅದು ಅಂಗಡಿಯ ಮೇಜಿನ ಮೇಲೆ ಪೆನ್ನು ಇಡುವ ಡಬ್ಬವಾಯಿತು. ಅಂದಿನಿಂದ ಯಾರು ತೋಟೆ ಕೇಳಿದರೂ ಅಪ್ಪನ ಮೊದಲ ಮಾತು “ಎಂತಕ್ಕೆ?” ಎಂದು. ಎರಡಕ್ಕೂ ಒಂದೇ ಬೇಕು ಎಂದವರಿಗೆ ಮೆತ್ತನೆ ಮೂತಿಯದನ್ನೇ ಕೊಡುತ್ತಿದ್ದರು. “ಬೇಟೆಗೆ ಆಗುದು ಗುರಿಗೂ ಆಗ್ತದೆ. ಗುರಿದು ಬೇಟೆಗೆ ಆಗುದಿಲ್ಲ.” ತಿಳಿಯದ್ದನ್ನು ಕೇಳಿದರೆ ಗೊತ್ತಿಲ್ಲ ಎನ್ನುತ್ತಿದ್ದರು, ಆ ಮಾತು ಬಾಯಿಂದ ಹೊರಡಲು ಅವರಿಗೆ ಪ್ರತಿ ಸಲವೂ ಕಷ್ಟವಾಗುತ್ತಿತ್ತು. ಡಬ್ಬಕ್ಕೆ ತೂತು ಹೇಗಾಯಿತು ಎಂದು ಯಾರಾದರೂ ಕೇಳಿದರೆ “ಎಂತ ಇಲ್ಲ” ಎಂದು ಲೆಕ್ಕಕ್ಕೆ ತಿರುಗುತ್ತಿದ್ದರು. ಅಪ್ಪನ ನಂತರ ಅಂಗಡಿ ನೋಡಿಕೊಂಡ ನಾನೂ ಹಾಗೇ ತಿರುಗುತ್ತಿದ್ದೆ.

ನಿಮ್ಮ ಕಾಲ ಬೇರೆ. ಹೋದ ತಿಂಗಳು ನಿಮ್ಮಪ್ಪ ನಿಮ್ಮನ್ನು ಶೂಟಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋದನಲ್ಲ, ಅಲ್ಲಿ ತಣ್ಣನೆಯ ಎಸಿ, ಕಿವಿಗೆ ಮುಚ್ಚಳ, ಹೊಡೆಯಲು ಕಾಗದ. ಕಾಗದಕ್ಕೆ ನೋವಿಲ್ಲ. ಜಿಂಕೆಯನ್ನು ನೀವು ಬೇಲಿಯ ಆಚೆ ನೋಡಿ ಫೋಟೋ ತೆಗೆದಿದ್ದೀರಿ. ಅದಕ್ಕೆ ಗುಂಡು ಹೊಡೆದರೆ ಈಗ ಜೈಲು, ಅದು ಒಳ್ಳೆಯದೇ. ಕ್ಲಬ್ಬಿನಿಂದ ಬಂದ ದಿನ ನೀವು ಕೇಳಿದಿರಿ: “ಅಜ್ಜಾ, ವಿಚ್ ಬುಲೆಟ್ ಈಸ್ ಬೆಸ್ಟ್ ಫಾರ್ ಎವ್ರಿಥಿಂಗ್?” ನಾನು ಎದ್ದು ಬಾಲ್ಕನಿಗೆ ಹೋದೆ, ನೆನಪಿದೆಯಾ? ಆ ಮಾತು ಕೇಳುತ್ತಲೇ ಅಪ್ಪನ ಬಗ್ಗಿದ ತಲೆ ಕಣ್ಣ ಮುಂದೆ ಬಂತು.

ಈಗ ನನ್ನ ಹತ್ತಿರ ಇರುವುದು ಇಷ್ಟು. ಟೂರಿಸ್ಟ್ ಕ್ಲಬ್ ಏರಿಯಾದ ಈ ಬಾಡಿಗೆ ಫ್ಲಾಟಿನಲ್ಲಿ ಒಂದು ಮಂಚ. ಮಗ ಮಾಡಿಸಿದ ವೀಸಾ. ಒಬ್ಬ ಮಗ, ಒಬ್ಬಳು ಸೊಸೆ, ಇಬ್ಬರು ಮೊಮ್ಮಕ್ಕಳು. ಬಂದೂಕು ಇಲ್ಲ, ತೋಟೆ ಇಲ್ಲ. ನೀವು ಕ್ರೇಯಾನ್ ಹಾಕಿಟ್ಟು, ಕಣ್ಣಿಟ್ಟು ಇಣುಕುವ ಹಾಲಿನ ಪುಡಿಯ ಡಬ್ಬ ಒಂದು. ಅದಕ್ಕೆ ತೂತು ಎರಡು.