ಹಸಿರು ಸೀರೆ ಮತ್ತು ಸಿದ್ರಾಮಪ್ಪನ ಮಾವಿನ ಗಿಡ

ಪುಣೆಯ ಹಡಪಸರದ ಆ ಫೋಟೋ ಸ್ಟುಡಿಯೋದಲ್ಲಿ ಯಾರೇ ಫೋಟೋ ತೆಗೆಸಿಕೊಂಡರೂ ಅವರ ಬೆನ್ನ ಹಿಂದೆ ಒಂದು ಮಾವಿನ ಗಿಡ, ಒಂದು ಕಾಲುವೆ ಮತ್ತು ಒಂದು ಭಾರಿ ಹೂಕುಂಡ ಇರುತ್ತಿದ್ದವು. ತೊಂಬತ್ತೊಂದರಲ್ಲಿ ಈ ಮೂರನ್ನೂ ಗೋಡೆಯಗಲದ ಪರದೆಯ ಮೇಲೆ ಬರೆದವನು ಸಿದ್ರಾಮಪ್ಪ. ಇಂಡಿ ಕಡೆಯವನು, ಸ್ಟುಡಿಯೋ ಅವನ ಅಕ್ಕನ ಗಂಡನದು.

ಬೇರೆ ಸ್ಟುಡಿಯೋಗಳ ಪರದೆಗಳಲ್ಲಿ ಹಂಸಗಳಿದ್ದವು, ಜಲಪಾತವಿತ್ತು, ಹಿಮದ ಬೆಟ್ಟವಿತ್ತು. ಸಿದ್ರಾಮಪ್ಪ ಅದಕ್ಕೆಲ್ಲ ಒಪ್ಪಲಿಲ್ಲ. "ಕಂಡಿದ್ದನ್ನ ಅಷ್ಟ ಬರೀತೀನಿ," ಎಂದ. ಅವನು ಕಂಡದ್ದು ಅಂಗಡಿಯ ಹಿತ್ತಲಿನ ಮಾವಿನ ಗಿಡ, ಅದರಾಚೆಯ ಕಾಲುವೆ. ಕಾಲುವೆಯ ದಂಡೆಗೆ ಪಂಪಿನ ಮನೆ ಇತ್ತು, ಅದನ್ನೂ ಬರೆದ. ನಮ್ಮಿಬ್ಬರ ನಡುವೆ ಪಂಪಿನ ಮನೆ ಯಾಕೆ ಎಂದು ಮದುವೆ ಜೋಡಿಗಳು ಕೇಳತೊಡಗಿದಾಗ, ಭಾವನ ಕಾಟ ತಾಳಲಾರದೆ ಅದರ ಮೇಲೊಂದು ಹೂಕುಂಡ ಬರೆದು ಮುಚ್ಚಿದ. ಹೀಗಾಗಿ ಆ ಹೂಕುಂಡ ಬಾಗಿಲಿನಷ್ಟು ಎತ್ತರವಿತ್ತು.

ಗಿಡದಲ್ಲಿ ಹಣ್ಣು ಮಾತ್ರ ಬರೆಯಲಿಲ್ಲ. ಹಿತ್ತಲಿನ ಗಿಡದ ಕಾಯಿಯನ್ನು ಓಣಿಯ ಹುಡುಗರು ಹುಳಿ ಇರುವಾಗಲೇ ಉದುರಿಸಿ ತಿನ್ನುತ್ತಿದ್ದರು. ಹಣ್ಣು ಸಿದ್ರಾಮಪ್ಪನ ಕಣ್ಣಿಗೆ ಬೀಳಲೇ ಇಲ್ಲ.

ನಿಜವಾದ ಗಿಡ ಅಷ್ಟು ಹತ್ತಿರವಿದ್ದರೂ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳಲು ಯಾರೂ ತಯಾರಿರಲಿಲ್ಲ. ಕೆಂಪಿರುವೆ ಕಚ್ಚುತ್ತವೆ, ಗಾಳಿಗೆ ಕೂದಲು ಕೆಡುತ್ತದೆ. ಕಟ್ಟಡ ಕೆಲಸಕ್ಕೆ ಬಂದ ಯಾದಗಿರಿ ಕಡೆಯ ಮಂದಿ ವಾರವೆಲ್ಲ ಪೇರಲ ತೋಟಗಳನ್ನು ಅಗೆದು ಪಾಯ ತೋಡಿ, ರವಿವಾರ ಸ್ನಾನ ಮಾಡಿ ಬಂದು ಪರದೆಯ ತೋಟದ ಮುಂದೆ ನಿಲ್ಲುತ್ತಿದ್ದರು. ಫೋಟೋ ಊರಿಗೆ ಹೋದರೆ, ಪುಣೆಯಲ್ಲಿ ಎಷ್ಟೊಂದು ಹಸಿರು ಎಂದು ಊರವರು ಬೆರಗಾಗುತ್ತಿದ್ದರು. ಕಡೆಗೆ ಹಿತ್ತಲಿನ ಗಿಡವೂ ಯಾರದೋ ಪಾರ್ಕಿಂಗಿಗೆ ಹೋಯಿತು.

ಎರಡು ಸಾವಿರದ ಆರರಲ್ಲಿ ಸ್ಟುಡಿಯೋ ಆ ಅಕ್ಕನ ಮಗ ಶಿವರಾಜನ ಕೈಗೆ ಬಂತು. ಅವನು ಡಿಜಿಟಲ್ ಕ್ಯಾಮೆರಾ, ಕಂಪ್ಯೂಟರ್ ತಂದ. ಪರದೆ ಇಳಿಸಿ ಅದರ ಜಾಗದಲ್ಲಿ ಒಂದು ಹಸಿರು ಬಟ್ಟೆ ಕಟ್ಟಿದ.

"ಮಾಮಾ, ಮಂದಿ ಇದರ ಮುಂದ ನಿಲ್ಲತಾರ. ಕಂಪ್ಯೂಟರ್ ಹಸಿರು ಎಲ್ಲಾ ಅಳಿಸಿ ಅಲ್ಲಿ ಕಾಶ್ಮೀರ ಹಾಕತದ. ಸ್ವಿಟ್ಜರ್ಲೆಂಡ್ ಬೇಕಂದ್ರ ಸ್ವಿಟ್ಜರ್ಲೆಂಡ್."

"ನೀ ನೋಡೀಯೇನು ಸ್ವಿಟ್ಜರ್ಲೆಂಡ್?"

"ನೋಡೂದು ಯಾಕ ಬೇಕು? ಸಿಡಿಯೊಳಗ ಅದ."

ಸುತ್ತಿದ ಪರದೆಯನ್ನು ಬಾಗಿಲಿಗೆ ಆನಿಸಿಟ್ಟಿದ್ದರು. ಗುತ್ತಿಗೆದಾರ ಕಾಶಪ್ಪ ಉಸುಕಿನ ರಾಶಿಗೆ ಹೊದಿಸಲು ಅದನ್ನು ಕೇಳಿದ್ದ. ರವಿವಾರ ಮಧ್ಯಾಹ್ನ ಟೆಂಪೊ ಬರುವುದಿತ್ತು. ಸಿದ್ರಾಮಪ್ಪ ಬೆಳಿಗ್ಗೆಯಿಂದ ಸುರುಳಿಯ ಪಕ್ಕ ಸ್ಟೂಲು ಹಾಕಿಕೊಂಡು, ಸ್ವಾರಗೇಟಿನಲ್ಲಿ ಬೀಗರನ್ನು ಬಸ್ಸು ಹತ್ತಿಸಲು ಬಂದವನಂತೆ ಕೂತಿದ್ದ.

ಆ ಹೊತ್ತಿಗೆ ಬಟ್ಟೆ ವ್ಯಾಪಾರಿಯ ಹೆಂಡತಿ ರುದ್ರವ್ವ ತುಂಬು ಬಸುರಿ ಸೊಸೆ ರೇಣುವನ್ನು ಕರೆದುಕೊಂಡು ಬಂದಳು. ಅಂದು ರೇಣುವಿನ ಕುಬಸ, ಅಂದರೆ ಸೀಮಂತದ ಕಾರ್ಯ. ಪದ್ಧತಿಯಂತೆ ಹಸಿರು ಸೀರೆ, ಹಸಿರು ಕುಪ್ಪಸ, ಕೈತುಂಬ ಹಸಿರು ಬಳೆ.

"ಕಾಶ್ಮೀರದಾಗ ಕುಂದ್ರಸತೀನ್ರಿ ವೈನೀನ್ನ," ಎಂದು ಶಿವರಾಜ ಹಸಿರು ಬಟ್ಟೆಯ ಮುಂದೆ ಹಸಿರು ಬಣ್ಣದ್ದೇ ಕುರ್ಚಿ ಹಾಕಿ ಫೋಟೋ ತೆಗೆದ. ಎಲ್ಲರೂ ಕಂಪ್ಯೂಟರಿನ ಸುತ್ತ ನೆರೆದರು.

ಹಿಮದ ಬೆಟ್ಟ ಮೂಡಿತು. ಬೆಟ್ಟದ ನಡುವೆ ರೇಣುವಿನ ಮುಖವೊಂದೇ ತೇಲುತ್ತಿತ್ತು. ಕೆಳಗೆ ಎರಡು ಅಂಗೈ ಯಾವ ಆಸರೆಯೂ ಇಲ್ಲದೆ ಕೂಡಿಕೊಂಡಿದ್ದವು. ಹೊಟ್ಟೆ ಇರಬೇಕಾದ ಕಡೆ ಒಂದು ನದಿ ಹರಿಯುತ್ತಿತ್ತು.

"ಅಯ್ಯ ನನ್ನ ಶಿವನ! ನನ್ನ ಮೊಮ್ಮಗ ಎಲ್ಲಿ ಹೋದ್ನೋ?" ರುದ್ರವ್ವ ಕಿರುಚಿದಳು.

"ಇಲ್ಲೇ ಅದ ರೀ ಅತ್ತಿ. ಒದಿಯಾಕ ಹತ್ಯದ," ಎಂದ ರೇಣುವಿಗೆ ನಗು ತಡೆಯಲಾಗಲಿಲ್ಲ.

"ನಗಬ್ಯಾಡ ನೀ! ತುಂಬಿದ ಹೊಟ್ಟಿಯೊಳಗ ಹೊಳಿ ಬಿಟ್ಟಾನ ಈ ಹುಡುಗ!"

"ಸೀರಿ ಹಸಿರು ಇದ್ದದ್ದಕ್ಕ ಹಿಂಗಾತ್ರಿ," ಶಿವರಾಜ ತಡವರಿಸಿದ. "ಕೆಂಪು ಸೀರಿ ಉಟ್ಟು ಬಂದ್ರ..."

"ಕುಬಸಕ್ಕ ಕೆಂಪು ಸೀರಿ? ನಿಮ್ಮವ್ವ ತನ್ನ ಕುಬಸಕ್ಕ ಏನು ಉಟ್ಟಿದ್ಳು, ಹೋಗಿ ಕೇಳು. ಹಸಿರು ಅಳಿಸಬ್ಯಾಡ ಅಂತ ಹೇಳು ನಿನ್ನ ಡಬ್ಬಿಗೆ."

"ಹಸಿರು ಅಳಿಸೂದ ಅದರ ಕೆಲಸರಿ."

ಈ ಜಗಳದ ನಡುವೆ ಸಿದ್ರಾಮಪ್ಪ ಯಾರೂ ಕೇಳದಿದ್ದರೂ ಸುರುಳಿಯ ಹಗ್ಗ ಬಿಚ್ಚಿ, ಪರದೆಯನ್ನು ಹಸಿರು ಬಟ್ಟೆಯ ಮೇಲೆಯೇ ಇಳಿಬಿಟ್ಟ. ರುದ್ರವ್ವ ಸೊಂಟಕ್ಕೆ ಕೈಯಿಟ್ಟು ನೋಡಿದಳು.

"ಗಿಡ ಛಲೋ ಅದ. ಆದ್ರ ಒಂದು ಹಣ್ಣರೆ ಬ್ಯಾಡೇನ್ರಿ ಸಿದ್ರಾಮಪ್ಪಾರ? ಬಸುರಿ ಹೆಣ್ಣಮಗಳನ್ನ ಬಂಜಿ ಗಿಡದ ಕೆಳಗ ಕುಂದ್ರಸಲೇನು? ಎರಡು ಹಣ್ಣು ಬರೀರಿ."

"ಆ ಗಿಡದಾಗ ಹಣ್ಣು ನಾ ಕಂಡಿಲ್ರಿ."

"ನಿಮ್ಮ ಕಣ್ಣಿಗೆ ನಾ ಏನು ಮಾಡ್ಲಿ? ಹಣ್ಣಿಲ್ಲಂದ್ರ ಈ ಗಿಡನೂ ಬ್ಯಾಡ, ನಡಿ ರೇಣು."

ಹೊರಗೆ ಟೆಂಪೊ ಹಾರ್ನ್ ಬಾರಿಸಿತು. ಕಾಶಪ್ಪನ ಡ್ರೈವರ್ ಬಾಗಿಲಲ್ಲಿ ಇಣುಕಿ, ಒಯ್ಯಬೇಕಾದ ಪರದೆ ಎಲ್ಲಿ ಎಂದು ಮರಾಠಿಯಲ್ಲಿ ಕೇಳಿದ. ಸಿದ್ರಾಮಪ್ಪ ಅವನನ್ನೊಮ್ಮೆ ನೋಡಿದ, ಗಿಡವನ್ನೊಮ್ಮೆ ನೋಡಿದ. ಆಮೇಲೆ ಹಳದಿ ಬಣ್ಣದ ಡಬ್ಬಿ ಹುಡುಕಿ ಸ್ಟೂಲು ಹತ್ತಿದ.

ಎರಡು ಹಣ್ಣು ಬರೆದು ಇಳಿಯುವವನಿದ್ದ. "ಆ ಮ್ಯಾಗಿನ ಟೊಂಗಿ ಖಾಲಿ ಅದ ನೋಡ್ರಿ," ಎಂದಳು ರುದ್ರವ್ವ. ಅಲ್ಲಿಗೂ ಹಣ್ಣು ಬಂತು. ಅವಳ ಬೆರಳು ಹೋದಲ್ಲೆಲ್ಲ ಬ್ರಷ್ ಹೋಯಿತು. ನಿಜವಾದ ಗಿಡವಾಗಿದ್ದರೆ ಅಷ್ಟು ಹಣ್ಣಿಗೆ ಟೊಂಗೆ ಮುರಿದು ಬೀಳುತ್ತಿತ್ತು. ಒಮ್ಮೆ ಸುಳ್ಳಿಗೆ ಇಳಿದ ಸಿದ್ರಾಮಪ್ಪನಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ. ಯಾರೂ ಹೇಳದಿದ್ದರೂ ಒಂದು ಗಿಳಿಯನ್ನೂ ಕೂರಿಸಿ ಕೆಳಗಿಳಿದ.

ಬಣ್ಣ ಇನ್ನೂ ಹಸಿಯಾಗಿತ್ತು. ರೇಣು ಪರದೆಯ ಮುಂದೆ ಕೂತು ಹಿಂದಕ್ಕೆ ಒರಗಿದ್ದೇ ತಗ್ಗಿನ ಟೊಂಗೆಯ ಒಂದು ಮಾವಿನಹಣ್ಣು ಅವಳ ಭುಜಕ್ಕೆ ಅಂಟಿಕೊಂಡು ಬಂತು. ಸಿದ್ರಾಮಪ್ಪ ಒರೆಸಲು ಬಟ್ಟೆ ಹುಡುಕತೊಡಗಿದ.

"ಹತ್ತಲಿ ಬಿಡ್ರಿ," ರುದ್ರವ್ವನ ಮುಖ ಅರಳಿತ್ತು. "ಗಿಡನ ಹಣ್ಣು ಕೊಟ್ಟಂಗಾತು. ನಮ್ಮ ಓಣ್ಯಾಗ ಇನ್ನೂ ಮೂರು ಕುಬಸ ಅದಾವ. ಎಲ್ಲಾರನ್ನೂ ಇಲ್ಲೇ ಕಳಸ್ತೀನಿ. ಈ ಗಿಡ ಇದ್ರ ಅಷ್ಟ, ಮತ್ತ!"

ಶಿವರಾಜ ಫೋಟೋ ತೆಗೆದು, ಪರದೆಯ ಹಿಂದೆ ಕೈ ಹಾಕಿ ಹಸಿರು ಬಟ್ಟೆಯನ್ನು ಎಳೆದು ಡ್ರೈವರನ ಹೆಗಲಿಗೆ ಹಾಕಿದ. "ಇದನ್ನ ಒಯ್ಯಿ. ನಾ ನೀಲಿ ಅರಿವಿ ತರ್ತೀನಿ," ಎಂದ.

ಮರುದಿನ ಎದುರಿನ ಖಾಲಿ ಜಾಗದಲ್ಲಿ ಕಾಶಪ್ಪನ ಉಸುಕಿನ ರಾಶಿ ಹಸಿರು ಹೊದ್ದು ನಿಂತಿತ್ತು. ರಸ್ತೆಯಿಂದ ನೋಡಿದರೆ ಹುಲ್ಲು ಬೆಳೆದ ಗುಡ್ಡದಂತೆಯೇ ಇತ್ತು. ಎಲ್ಲಿಂದಲೋ ಬಂದ ಒಂದು ಆಡು ಅದನ್ನು ಹತ್ತಿ, ಮೂಸಿ, ಒಮ್ಮೆ ಬಾಯಿ ಹಾಕಿ, ತಲೆ ಕೊಡವಿ ಇಳಿದು ಹೋಯಿತು. ಸಿದ್ರಾಮಪ್ಪ ಬಾಗಿಲಲ್ಲಿ ನಿಂತು ಅದನ್ನು ನೋಡಿದ.

ಸಂಜೆ ಶಿವರಾಜ ಬಂದಾಗ ಪರದೆಯ ಹೂಕುಂಡದ ಪಕ್ಕ ಒಂದು ಆಡು ನಿಂತಿತ್ತು.

"ಇದು ಯಾಕ ಮಾಮಾ?"

"ಇದನ್ನ ನಾ ಕಂಡೀನಿ," ಎಂದ ಸಿದ್ರಾಮಪ್ಪ ಬ್ರಷ್ ತೊಳೆಯುತ್ತ.