ಸೊಂಡಿಲು ಎತ್ತಿದ ಆನೆ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೊಬ್ಬನೇ. ಅದೂ ಶಿಲ್ಪಕಲೆಯಲ್ಲಿ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಆ ಡಿಗ್ರಿಗಾಗಿ ಅಕ್ಕ, ಭಾವ ಇಬ್ಬರೂ ಹುಣಸೂರು ಸುತ್ತಿನ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನುಗಳಲ್ಲಿ ಕಡ್ಡಿಗೆ ಸೊಪ್ಪು ಕಟ್ಟಿ ಕಟ್ಟಿ ಬೆರಳು ಕಪ್ಪು ಮಾಡಿಕೊಂಡಿದ್ದರು. ಓದು ಮುಗಿಸಿ ಬಂದು ಗುರುಪುರದ ರಸ್ತೆಯಲ್ಲಿ ಮನೆ ಮುಂದೆಯೇ ಶೆಡ್ ಹಾಕಿದೆ. ಗೇಟು, ಕಿಟಕಿ ಗ್ರಿಲ್ಲು, ಟ್ರೈಲರ್ ರಿಪೇರಿ. "ಏನ್ಲಾ, ಗೇಟ್ ಮಾಡಕ್ಕೂ ಮೈಸೂರಲ್ಲಿ ಪರೀಕ್ಷೆ ಬರೀಬೇಕಾ?" ಎಂದು ಪಕ್ಕದ ಟೀ ಅಂಗಡಿಯವನು ದಿನಾ ಕೆಣಕುತ್ತಿದ್ದ.

ಹಾಗಿರುವಾಗ ಕಾಡಂಚಿನ ರೆಸಾರ್ಟೊಂದರವರು ಬಂದು, ಬಾಗಿಲಲ್ಲಿ ನಿಲ್ಲಿಸಲು ತಗಡಿನ ಆನೆ ಬೇಕೆಂದರು. ನಿಜವಾದ ಆನೆಯಷ್ಟೇ ದೊಡ್ಡದು. ನನ್ನ ಹತ್ತಿರ ಶಿಲ್ಪ ಕೇಳಿಕೊಂಡು ಬಂದವರು ಅವರೇ ಮೊದಲು.

ಭಾವನನ್ನು ಆನೆ ಕೊಂದು ಆಗ ಎರಡನೇ ವರ್ಷ ನಡೆಯುತ್ತಿತ್ತು. ವೀರನಹೊಸಹಳ್ಳಿ ಕಡೆ ಜೋಳದ ಹೊಲ ಕಾಯಲು ಹೋಗಿದ್ದ ಭಾವನಿಗೆ ಬೆಳಿಗ್ಗೆ ಅಕ್ಕ ಬುತ್ತಿ ಒಯ್ದಿದ್ದಳು. ಅವಳ ಕಣ್ಣೆದುರೇ ಆಯಿತು. ಏನು ಕಂಡಳೆಂದು ಯಾರಿಗೂ ಹೇಳಲಿಲ್ಲ. ನನ್ನ ಮನೆಗೆ ಬಂದು ಇದ್ದುಬಿಟ್ಟಳು.

ಆರ್ಡರ್ ಒಪ್ಪುವ ಮುಂಚೆ ಅವಳನ್ನು ಕೇಳಿದೆ. "ತಗಡಿಂದು ತಾನೆ? ಮಾಡೋಗ್ಲಾ. ಇದುಕ್ಕೇ ಅಲ್ವಾ ನಿನ್ನ ಓದ್ಸಿದ್ದು," ಅಂದಳು.

ಬ್ಯಾರನ್ನಿನೊಳಗೆ ಬಿಸಿ ಹಾಯಿಸುವ ತಗಡಿನ ಕೊಳವೆಗಳು ಹಳತಾದರೆ ಗುಜರಿಗೆ ಬರುತ್ತವೆ. ಅವನ್ನೇ ತಂದು ಉದ್ದಕ್ಕೆ ಸೀಳಿ, ಮರಳಿನ ಮೂಟೆಯ ಮೇಲಿಟ್ಟು ಬಡಿದು ಉಬ್ಬು ತರಿಸಿದೆ. ಸುಟ್ಟ ತಗಡಿಗೆ ಆನೆಯ ಚರ್ಮದ ಬಣ್ಣ ತಾನಾಗಿಯೇ ಇರುತ್ತದೆ. ಆದರೆ ತುಕ್ಕು ತಿಂದು ತೆಳ್ಳಗಾದದ್ದು, ವೆಲ್ಡಿಂಗ್ ಕರೆಂಟು ಚೂರು ಹೆಚ್ಚಾದರೂ ತೂತು. ಒಂದು ಚುಕ್ಕಿ ಹಾಕಿ, ಅದು ಆರಿದ ಮೇಲೆ ಇನ್ನೊಂದು. ಹಾಗೆ ಸರಳಿನ ಹಂದರಕ್ಕೆ ಬೆಸೆಯಬೇಕು. ಕಾಲು, ಹೊಟ್ಟೆ, ಬೆನ್ನು ಏಳುವವರೆಗೂ ಅಕ್ಕ ಟೀ ತಂದುಕೊಡುತ್ತಿದ್ದಳು.

ಸೊಂಡಿಲು ಕೂಡಿಸಿದ ದಿನ ತರಲಿಲ್ಲ. ಬಂದವರನ್ನು ಸ್ವಾಗತಿಸುವ ಹಾಗೆ ಸೊಂಡಿಲು ಮೇಲೆತ್ತಿರಬೇಕು ಎಂದು ರೆಸಾರ್ಟಿನ ಮ್ಯಾನೇಜರ್ ಚಿತ್ರ ಕೊಟ್ಟಿದ್ದ. ಊಟಕ್ಕೆ ಒಳಗೆ ಹೋದರೆ ಅಕ್ಕ ಗೋಡೆಗೆ ಮುಖ ಮಾಡಿ ಕೂತಿದ್ದಳು.

"ಅಂಗೇ ಎತ್ತಿತ್ತು ಕಣ್ಲಾ," ಅಂದಳು. "ನಿಮ್ಮ ಭಾವ, ಬುಟ್ಬುಡು ಸ್ವಾಮಿ ಅಂತ ಕೈ ಮುಗುದ್ರು. ಅದು ಅಂಗೇ ಸೊಂಡ್ಲೆತ್ತಿ ನಿಂತ್ಕತು. ಒಂಟೋಯ್ತದೆ ಅನ್ಕಂಡೆ."

ಆ ಬೆಳಗಿನ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು.

ಮ್ಯಾನೇಜರಿಗೆ ಫೋನ್ ಮಾಡಿ, ಸೊಂಡಿಲು ಇಳಿಸುತ್ತೇನೆ ಅಂದೆ. "ಬೇಡ ಸರ್, ಗೆಸ್ಟುಗಳಿಗೆ ವೆಲ್‌ಕಮ್ ಥರ ಇರ್ಬೇಕು. ಇಳಿಸಿದ್ರೆ ನಮಗೆ ಆಗಲ್ಲ." ಕಾರಣ ಹೇಳಿದೆ. "ಪಾಪ... ಆದ್ರೂ ಓನರ್ ಒಪ್ಪಲ್ಲ ಸರ್," ಅಂದ.

ಗ್ರೈಂಡರ್ ಹಿಡಿದು ಸೊಂಡಿಲನ್ನು ಬುಡಕ್ಕೇ ಕೊಯ್ದೆ. ಮೇಯುವ ಆನೆಯ ಹಾಗೆ ಕೆಳಕ್ಕೆ ಬಾಗಿಸಿ ಮತ್ತೆ ಬೆಸೆದೆ, ಬೆಸುಗೆ ಉಜ್ಜಿ ನಯ ಮಾಡಿದೆ. ಮ್ಯಾನೇಜರ್ ಬಂದವನು ಕಾರಿನಿಂದ ಇಳಿಯದೆ ನೋಡಿಕೊಂಡು ಹೋದ. ಆರ್ಡರ್ ಅಲ್ಲಿಗೆ ಮುಗಿಯಿತು. ಆಮೇಲೆ ಅಕ್ಕನನ್ನು ಕರೆದೆ. ಅವಳಿಗೆ ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ.

ಅವಳು ಆನೆಯನ್ನು ಒಂದು ಸುತ್ತು ಹಾಕಿದಳು. "ಎಲ್ಲಾ ಆದ್ಮೇಕೆ ಇಂಗೇ ಇಳಿಸ್ಕಂಡು ನಿಂತಿತ್ತು ಕಣಪ್ಪ," ಅಂದಳು.

ಗ್ರೈಂಡರ್ ಮತ್ತೆ ಕೈಗೆತ್ತಿಕೊಂಡೆ. "ಆನೆನೇ ಕುಯ್ದಾಕ್ಬುಡ್ತೀನಿ ಅಕ್ಕ," ಅಂದೆ.

"ಇಷ್ಟು ಕಷ್ಟ ಬಿದ್ದು ಮಾಡಿದೀಯ."

"ಇನ್ನೊಂದು ಆರ್ಡರ್ ಬತ್ತದೆ ಬುಡು."

ಅಂಥದ್ದು ಇವತ್ತಿನವರೆಗೂ ಬಂದಿಲ್ಲ.

"ಅಂಗಾರೆ ನಾನು ಇಡ್ಕತೀನಿ, ನೀನು ಕುಯ್ಯಿ," ಅಂದಳು.

ಕಿಡಿ ಹಾರದ ಕಡೆ ಅವಳನ್ನು ನಿಲ್ಲಿಸಿ, ನನ್ನ ಕೆಲಸದ ಕನ್ನಡಕವನ್ನು ಅವಳಿಗೆ ಹಾಕಿದೆ. ಕಿವಿಯಿಂದ ಶುರು ಮಾಡಿದೆ. ತಗಡು ಅದುರದಂತೆ ಅವಳು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು. ಕೊನೆಯ ಬೆಸುಗೆ ಬಿಟ್ಟಾಗ ಕಿವಿ ಅವಳ ಮೈಮೇಲೆ ವಾಲಿತು. ಅಂಚು ಇನ್ನೂ ಬಿಸಿಯಿತ್ತು. ಸೆರಗು ಸುತ್ತಿ, ಎದೆಗಾನಿಸಿಕೊಂಡು ಹೊತ್ತೊಯ್ದು ಗೋಡೆಗೆ ಒರಗಿಸಿಟ್ಟಳು. ಬಂದು ಇನ್ನೊಂದು ಕಿವಿ ಹಿಡಿದಳು.